ಕಟ್ಟಡ ಸರ್ವೇಯರ್ ಆಗಬಯಸುವ ಸಿವಿಲ್ ಪದವೀಧರರಿಗೆ ಒಂದು ಮಾರ್ಗದರ್ಶಿ

ಸರ್ವೇಯರ್ ಎಂದೊಡನೆ ನಮ್ಮ ಜನರಿಗೆ ನೆನಪಾಗುವವರು ಪೋಡಿ, ಹದ್ದುಬಸ್ತು, 11-ಇ ನಕ್ಷೆಗಳ ಕೆಲಸ ಮಾಡುವ ಭೂಮಾಪಕರು. ಕಟ್ಟಡ ಸರ್ವೇಯರ್‌ರ ಕೆಲಸ ಬೇರೆ. ಕಟ್ಟಿ ನಿಂತಿರುವ ಕಟ್ಟಡವನ್ನು ಅಳೆದು, ಅದರ ಸ್ಥಿತಿ ಹೇಗಿದೆ, ದೋಷಗಳಿಗೆ ಕಾರಣವೇನು, ಇನ್ನೆಷ್ಟು ವರ್ಷ ಬಾಳೀತು, ಇಂದಿನ ಬೆಲೆ ಎಷ್ಟು ಎಂಬುದನ್ನು ಸಹಿ ಹಾಕಿ ಬರೆದುಕೊಡುವುದು ಅವರ ಹೊಣೆ. ಬ್ರಿಟನ್ನಿನಲ್ಲಿ ಇದು ಒಂದೇ ಹೆಸರಿನ, ಒಂದೇ ಪರೀಕ್ಷಾಕ್ರಮದ ವೃತ್ತಿಯಾಗಿದ್ದರೆ, ನಮ್ಮಲ್ಲಿ ಅದು ಬ್ಯಾಂಕಿನ ಪಟ್ಟಿಯಲ್ಲಿರುವ ಮೌಲ್ಯಮಾಪಕ (ಪ್ಯಾನೆಲ್ ವ್ಯಾಲ್ಯುಯರ್), ಕಟ್ಟಡದ ಬಲವನ್ನು ಪರೀಕ್ಷಿಸುವ (ಸ್ಟ್ರಕ್ಚರಲ್ ಆಡಿಟ್) ಎಂಜಿನಿಯರ್, ವಿಮಾ ಸರ್ವೇಯರ್ ಎಂದು ಹಂಚಿಹೋಗಿದೆ. ಇವುಗಳ ಪೈಕಿ ಕಾನೂನಿನ ಚೌಕಟ್ಟು ಸ್ಪಷ್ಟವಾಗಿರುವ ದಾರಿ ‘ಭೂಮಿ ಮತ್ತು ಕಟ್ಟಡ’ ವರ್ಗದ ನೋಂದಾಯಿತ ಮೌಲ್ಯಮಾಪಕರದ್ದು. ಆದ್ದರಿಂದ ಇಲ್ಲಿ ಮುಖ್ಯವಾಗಿ ಅದನ್ನೇ ವಿವರಿಸಲಾಗಿದೆ.

2013ರ ಕಂಪನಿ ಕಾಯ್ದೆಯ 247ನೇ ಕಲಮು ಮತ್ತು ಅದರ ಅಡಿಯಲ್ಲಿ 2017ರಲ್ಲಿ ಬಂದ ನಿಯಮಗಳ ಪ್ರಕಾರ, ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯಲ್ಲಿ ಪದವಿ ಪಡೆದು ಆ ಬಳಿಕ 5 ವರ್ಷ, ಇಲ್ಲವೇ ಅದೇ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದು 3 ವರ್ಷ ಅನುಭವ ಗಳಿಸಿರಬೇಕು. ಅನಂತರ ಮಾನ್ಯತೆ ಪಡೆದ ಮೌಲ್ಯಮಾಪಕರ ಸಂಸ್ಥೆಯೊಂದರ ಸದಸ್ಯತ್ವ ಪಡೆದು, ಅದು ನಡೆಸುವ 50 ಗಂಟೆಗಳ ಶಿಕ್ಷಣವನ್ನು ಮುಗಿಸಿ, ದಿವಾಳಿತನ ಮಂಡಳಿಯ, ಅಂದರೆ ಐಬಿಬಿಐನ, ಪರೀಕ್ಷೆಯನ್ನು ಶೇ. 60 ಅಂಕಗಳೊಂದಿಗೆ ತೇರ್ಗಡೆಯಾಗಬೇಕು. ತಪ್ಪು ಉತ್ತರಕ್ಕೆ ಅಂಕ ಕಡಿತವಿರುವುದರಿಂದ ಊಹೆಯ ಮೇಲೆ ಉತ್ತರಿಸುವುದು ಲಾಭದಾಯಕವಲ್ಲ. ಎಂಜಿನಿಯರುಗಳು ಸಾಮಾನ್ಯವಾಗಿ ಎಡವುವುದು ಕಾಂಕ್ರೀಟಿನ ಪ್ರಶ್ನೆಗಳಲ್ಲಿ ಅಲ್ಲ. ಆಸ್ತಿ ವರ್ಗಾವಣೆ, ನೋಂದಣಿ, ಭೂಸ್ವಾಧೀನ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಮೊದಲಾದ ಕಾನೂನಿನ ಭಾಗದಲ್ಲಿ. ಓದನ್ನು ಅಲ್ಲಿಂದಲೇ ಆರಂಭಿಸುವುದು ಜಾಣತನ. ಡಿಪ್ಲೊಮಾ ಮಾತ್ರ ಇರುವವರಿಗೆ ಈ ನೋಂದಣಿ ದೊರೆಯುವುದಿಲ್ಲವಾದ್ದರಿಂದ, ಅವರು ಸಂಜೆ ಕಾಲೇಜಿನಲ್ಲಾದರೂ ಬಿ.ಇ. ಮುಗಿಸಿಕೊಳ್ಳುವುದು ಒಳ್ಳೆಯದು.

ಆ 5 ವರ್ಷಗಳನ್ನು ಎಲ್ಲಿ ಕಳೆಯುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹೊಸ ಅಪಾರ್ಟ್‌ಮೆಂಟ್‌ಗಳ ಸೈಟಿನಲ್ಲಿ ಬಿಲ್ಲು ಬರೆಯುವುದರಲ್ಲೇ ಅಷ್ಟೂ ಕಾಲ ಕಳೆದರೆ ಹಳೆಯ ಕಟ್ಟಡಗಳನ್ನು ಓದುವ ಕಣ್ಣು ಬೆಳೆಯುವುದಿಲ್ಲ. ಒಂದೆರಡು ವರ್ಷ ನಿರ್ಮಾಣದ ಕೆಲಸ ಕಲಿತ ಮೇಲೆ, ದುರಸ್ತಿ ಗುತ್ತಿಗೆದಾರರ ಬಳಿಯೋ, ಅನುಭವಿ ಮೌಲ್ಯಮಾಪಕರ ಕಚೇರಿಯಲ್ಲೋ, ಸಂಬಳ ತುಸು ಕಡಿಮೆಯಾದರೂ ಸೇರಿಕೊಳ್ಳಬೇಕು. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿಯ ಹಳೆಯ ಬೆಂಗಳೂರು ಮನೆ, ಕರಾವಳಿಯ ಕೆಂಪುಕಲ್ಲಿನ ಗೋಡೆ, ಮಲೆನಾಡಿನ ಹೆಂಚಿನ ಮಾಡು, ಬಯಲುಸೀಮೆಯ ಕಲ್ಲುಚಪ್ಪಡಿ ಸೂರು ಇವೆಲ್ಲ ಬೇರೆಬೇರೆ ರೀತಿಯಲ್ಲಿ ಹಾಳಾಗುತ್ತವೆ, ಮತ್ತು ಪಠ್ಯಪುಸ್ತಕಗಳು ಇವುಗಳ ಬಗ್ಗೆ ಹೇಳುವುದು ಬಹಳ ಕಡಿಮೆ.

ಬಿರುಕುಗಳನ್ನೇ ನೋಡೋಣ. ತಾರಸಿಯ ಸ್ಲ್ಯಾಬಿನ ಕೆಳಗೆ ಗೋಡೆಯುದ್ದಕ್ಕೂ ಅಡ್ಡವಾಗಿ ಓಡುವ ಬಿರುಕು ಹೆಚ್ಚಿನ ವೇಳೆ ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಕುಗ್ಗುವುದರಿಂದ ಬಂದದ್ದು. ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೇರವಾಗಿ ಇಳಿಯುವ ಬಿರುಕು ಎರಡು ವಸ್ತುಗಳ ನಡುವಣ ಬೆಸುಗೆಯ ಕೊರತೆ, ಅಲ್ಲಿ ಪ್ಲಾಸ್ಟರಿನೊಳಗೆ ಜಾಲರಿ ಹಾಕಿರುವುದಿಲ್ಲ. ಇವೆರಡೂ ಮನೆಯವರನ್ನು ಹೆದರಿಸುತ್ತವೆಯೇ ಹೊರತು ಕಟ್ಟಡವನ್ನು ಸಾಮಾನ್ಯವಾಗಿ ಬೀಳಿಸುವುದಿಲ್ಲ. ಕಂಬದ ಮೂಲೆಯಲ್ಲಿ ಕಂಬಿಯ ನೇರಕ್ಕೇ ಮೇಲಿಂದ ಕೆಳಗೆ ಇಳಿದಿರುವ, ಅಂಚಿನಲ್ಲಿ ಕಂದು ಕಲೆಯಿರುವ ಬಿರುಕಿನ ಮಾತು ಬೇರೆ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬುತ್ತಿದೆ. ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಒಂದು ಚೂರು ಕಾಂಕ್ರೀಟನ್ನು ಒಡೆದು, ಹೊಸದಾಗಿ ಕಂಡ ಮುಖಕ್ಕೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರೆ, ಕ್ಷಾರೀಯತೆ ಉಳಿದಿರುವ ಭಾಗ ಗಾಢ ಗುಲಾಬಿಯಾಗುತ್ತದೆ, ಕಾರ್ಬೊನೇಷನ್ ಆದ, ಅಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಕ್ಷಾರೀಯತೆ ಕಳೆದುಕೊಂಡ, ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಆ ಬಣ್ಣವಿಲ್ಲದ ಪದರ ಕಂಬಿಯವರೆಗೂ ತಲುಪಿದೆಯೇ ಎಂಬುದೇ ಪ್ರಶ್ನೆ. ಇನ್ನು ಉತ್ತರ ಕರ್ನಾಟಕದ ಎರೆಮಣ್ಣಿನ ಮೇಲಿನ ಮನೆಗಳಲ್ಲಿ ಓರೆ ಬಿರುಕುಗಳು ಬೇಸಿಗೆ ಮಳೆಗಾಲಗಳೊಂದಿಗೆ ಅಗಲವಾಗುತ್ತ ಕಿರಿದಾಗುತ್ತ ಇರುವುದುಂಟು. ಒಂದೇ ಭೇಟಿಯಲ್ಲಿ ಅಭಿಪ್ರಾಯ ಕೊಡುವ ಬದಲು, ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಟ್ಟು ಅದು ಒಡೆದಿದೆಯೇ ಎಂದು ಇನ್ನೊಂದು ಋತುವಿನಲ್ಲಿ ಬಂದು ನೋಡುವುದು ಸರಿಯಾದ ಕ್ರಮ. ಕಾಂಕ್ರೀಟನ್ನು ಒಡೆಯದೆ ಅದರ ಗುಣಮಟ್ಟ ಅಂದಾಜಿಸುವ ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆಗಳ ವಿಧಾನ ಈಗ ಭಾರತೀಯ ಮಾನಕ ಐಎಸ್ 516ರ 5ನೇ ಭಾಗದಲ್ಲಿದೆ. ಹಳೆಯ ಐಎಸ್ 13311ನ್ನೇ ಇನ್ನೂ ಉಲ್ಲೇಖಿಸುವ ವರದಿಗಳನ್ನು ನಕಲು ಮಾಡಬೇಡಿ.

ಅಳತೆಯಲ್ಲಿ ಎಚ್ಚರ ಬೇಕಾಗುವುದು ಕಾರ್ಪೆಟ್ ವಿಸ್ತೀರ್ಣಕ್ಕೆ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ನೆಲಕ್ಕೆ. 2016ರ ರೇರಾ ಕಾಯ್ದೆಯ ಪ್ರಕಾರ ಹೊರಗೋಡೆ, ಡಕ್ಟು, ಬಾಲ್ಕನಿ, ತೆರೆದ ತಾರಸಿ ಅದರಲ್ಲಿ ಸೇರುವುದಿಲ್ಲ, ಒಳಗಿನ ವಿಭಜಕ ಗೋಡೆಗಳು ಸೇರುತ್ತವೆ. ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲನ್ನೂ ಸೇರಿಸಿದ, ಮಾರಾಟಗಾರರ ಕರಪತ್ರದ ಸೂಪರ್ ಬಿಲ್ಟ್‌ಅಪ್ ಅಂಕಿಯನ್ನು ವರದಿಗೆ ಇಳಿಸುವುದು ಅಕ್ಷಮ್ಯ. ಅಳತೆ ಮುಗಿದ ಮೇಲೆ ಮಂಜೂರಾದ ನಕ್ಷೆ, ಖಾತೆ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶಗಳೊಂದಿಗೆ ತಾಳೆ ನೋಡಬೇಕು. ನಕ್ಷೆಯಲ್ಲಿ ಎರಡು ಅಂತಸ್ತಿದ್ದು ಸ್ಥಳದಲ್ಲಿ ನಾಲ್ಕಿರುವ 30×40 ನಿವೇಶನಗಳು ನಮ್ಮ ನಗರಗಳಲ್ಲಿ ಹೊಸತಲ್ಲ, ಹೆಚ್ಚುವರಿ ಅಂತಸ್ತುಗಳನ್ನು ಬೇರೆಯಾಗಿಯೇ ನಮೂದಿಸಬೇಕು.

ಬೆಲೆ ಕಟ್ಟುವ ಲೆಕ್ಕ ನೋಡಲು ಸರಳ. ಉದಾಹರಣೆಗೆ, 1,500 ಚದರ ಅಡಿಯ, 20 ವರ್ಷ ಹಳೆಯ ಆರ್‌ಸಿಸಿ ಮನೆಯನ್ನು ಇಂದು ಹೊಸದಾಗಿ ಕಟ್ಟಲು ಅಡಿಗೆ 2,000 ರೂಪಾಯಿ ತಗಲುತ್ತದೆ ಎಂದುಕೊಂಡರೆ 30 ಲಕ್ಷವಾಯಿತು. ಆಯುಸ್ಸು 60 ವರ್ಷ, ಕೊನೆಗೆ ಉಳಿಯುವ ಸಾಮಗ್ರಿಯ ಬೆಲೆ ಶೇ. 10 ಎಂದು ಹಿಡಿದರೆ, ಉಳಿದ ಶೇ. 90ರಲ್ಲಿ 20 ವರ್ಷಗಳ ಪಾಲಿನ ಸವಕಳಿ ಶೇ. 30, ಕಟ್ಟಡದ ಬೆಲೆ 21 ಲಕ್ಷ. ಇದಕ್ಕೆ ನೆಲದ ಬೆಲೆ ಕೂಡಬೇಕು. ಕಷ್ಟವಿರುವುದು ಈ ನೆಲದ ಬೆಲೆಯಲ್ಲಿ. ಸರ್ಕಾರದ ಮಾರ್ಗಸೂಚಿ ದರ ಒಂದು, ನೋಂದಣಿ ಪತ್ರದಲ್ಲಿ ತೋರಿಸಿದ್ದು ಇನ್ನೊಂದು, ಬ್ರೋಕರ್ ಹೇಳುವುದು ಮತ್ತೊಂದು. ಅದೇ ಬೀದಿಯ ಮಾರಾಟಗಳನ್ನು ವರ್ಷವರ್ಷವೂ ಸ್ವಂತ ಪುಸ್ತಕದಲ್ಲಿ ಬರೆದಿಟ್ಟುಕೊಂಡವರ ಮಾತಿಗೆ ಮಾತ್ರ ಇಲ್ಲಿ ತೂಕ. ಅದಕ್ಕೂ ಮುಂಚೆ ಕೊಂಡ ಆಸ್ತಿಯನ್ನು ಮಾರಿ, ಬಂಡವಾಳ ಲಾಭದ ತೆರಿಗೆಗಾಗಿ 1-4-2001ರ ಬೆಲೆಯನ್ನು ಕೇಳಿಕೊಂಡು ಬರುವವರು ಹೆಚ್ಚಾಗಿರುವುದರಿಂದ ಆ ಕಾಲದ ದರಗಳ ದಾಖಲೆಯೂ ಕೈಯಲ್ಲಿರಬೇಕು.

ವೃತ್ತಿಯ ನಿಜವಾದ ಪರೀಕ್ಷೆ ಎದುರಾಗುವುದು ಸಾಲದ ಕಡತಗಳಲ್ಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷಕ್ಕಿಂತ ಮೇಲಿನ ಗೃಹಸಾಲ ಆಸ್ತಿಯ ಬೆಲೆಯ ಶೇ. 75ನ್ನು ಮೀರುವಂತಿಲ್ಲ, ಹೀಗಾಗಿ ಬೇಕಾದ ಸಾಲಕ್ಕೆ ತಕ್ಕಂತೆ ಬೆಲೆ ಏರಿಸಿಕೊಡಿ ಎಂಬ ಕೋರಿಕೆ ಗ್ರಾಹಕರಿಂದ ಮಾತ್ರವಲ್ಲ, ಗುರಿ ಮುಟ್ಟಬೇಕಾದ ಸಾಲ ಏಜೆಂಟರಿಂದಲೂ ಬರುತ್ತದೆ. ಮೌಲ್ಯಮಾಪಕರ ನೀತಿಸಂಹಿತೆ ಇಂಥ ಅನುಕೂಲದ ಮೌಲ್ಯಮಾಪನವನ್ನೂ, ವ್ಯವಹಾರ ಕುದುರಿದರೆ ಮಾತ್ರ ಶುಲ್ಕ ಎಂಬ ಒಪ್ಪಂದವನ್ನೂ ನಿಷೇಧಿಸಿದೆ. ಒಂದೇ ಬ್ಯಾಂಕಿನ ಕೆಲಸವನ್ನು ನಂಬಿ ಕಚೇರಿ ತೆರೆದವರಿಗೆ ಇಲ್ಲ ಎನ್ನುವುದು ಕಷ್ಟ; ಆದಕಾರಣ ಆರಂಭದಿಂದಲೇ ತೆರಿಗೆ, ಕುಟುಂಬ ವಿಭಾಗ, ದುರಸ್ತಿ ಸಲಹೆ ಎಂದು ಕೆಲಸದ ಮೂಲಗಳನ್ನು ಹಲವಾಗಿಸಿಕೊಳ್ಳಬೇಕು.

ವರದಿ ಬರೆಯುವಾಗ ಕಣ್ಣಾರೆ ಕಂಡದ್ದು, ಅಳೆದದ್ದು, ಮಾಲೀಕರು ಹೇಳಿದ್ದು, ತಾವು ಊಹಿಸಿದ್ದು, ಈ ನಾಲ್ಕನ್ನೂ ಬೆರೆಸದೆ ಬರೆಯಬೇಕು. ‘ಕಟ್ಟಡ ಸುಸ್ಥಿತಿಯಲ್ಲಿದೆ’ ಎಂಬ ವಾಕ್ಯಕ್ಕೆ ನ್ಯಾಯಾಲಯದಲ್ಲಿ ಕಾಸಿನ ಬೆಲೆಯಿಲ್ಲ. ‘ಮಹಡಿಯ ಈಶಾನ್ಯ ಕೋಣೆಗೆ ಬೀಗ ಹಾಕಿದ್ದರಿಂದ ಅದನ್ನು ಪರೀಕ್ಷಿಸಿಲ್ಲ, ಮನೆಯ ವಯಸ್ಸು 20 ವರ್ಷವೆಂಬುದು ಮಾಲೀಕರ ಹೇಳಿಕೆ’ ಎಂಬ ವಾಕ್ಯ ಸಹಿ ಹಾಕಿದವರನ್ನು ಕಾಪಾಡುತ್ತದೆ.

ವಿದೇಶದ ಕಡೆ ದೃಷ್ಟಿಯಿರುವವರು ಸರ್ವೇಯರುಗಳ ವೃತ್ತಿಸಂಸ್ಥೆಯಾದ ಲಂಡನ್ನಿನ ಆರ್‌ಐಸಿಎಸ್‌ನ ಸದಸ್ಯತ್ವಕ್ಕೆ ಪ್ರಯತ್ನಿಸಬಹುದು. ತಾವೇ ನಿರ್ವಹಿಸಿದ ಯೋಜನೆಯ ಬಗ್ಗೆ ಸುಮಾರು 3,000 ಪದಗಳ ಪ್ರಬಂಧ ಮತ್ತು ಒಂದು ಗಂಟೆಯ ಸಂದರ್ಶನ ಅಲ್ಲಿನ ಕೊನೆಯ ಹಂತಗಳು. ಬೆಂಕಿ, ನೆರೆ ಹಾನಿಯ ಅಂದಾಜಿನಲ್ಲಿ ಆಸಕ್ತಿಯಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಪರವಾನಗಿಯ ವಿಮಾ ಸರ್ವೇಯರ್ ಹಾದಿ ಪ್ರತ್ಯೇಕವಾಗಿದೆ.

ಯಾವ ಹಾದಿ ಹಿಡಿದರೂ ಸ್ಥಳದಲ್ಲಿ ಬರೆದ ಟಿಪ್ಪಣಿ, ಕೈನಕ್ಷೆ, ದಿನಾಂಕವಿರುವ ಛಾಯಾಚಿತ್ರಗಳನ್ನು ಎಸೆಯಬೇಡಿ. ನೋಂದಾಯಿತ ಮೌಲ್ಯಮಾಪಕರು ಇವನ್ನು 3 ವರ್ಷ, ಪ್ರಕರಣ ನ್ಯಾಯಮಂಡಳಿಯಲ್ಲಿದ್ದರೆ ಅದು ಇತ್ಯರ್ಥವಾಗುವವರೆಗೂ, ಕಾಪಾಡಿಡಬೇಕೆಂದು ನಿಯಮವೇ ಹೇಳುತ್ತದೆ.