ಪೆಡಲ್ ತುಳಿಯದೆ ಬ್ರೇಕಿನ ಏರ್ ತೆಗೆದೆ

ನಮ್ಮ ಗಾಡಿಯ ಎಡ ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿತ್ತು. ಬೆರಳಲ್ಲಿ ಮುಟ್ಟಿ ನೋಡಿದೆ, ಬ್ರೇಕ್ ಆಯಿಲ್. ಚಕ್ರದೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಹೋಗಿದೆ, ಭಾನುವಾರ ಮಧ್ಯಾಹ್ನದ ಊಟದೊಳಗೆ ಮುಗಿಸಬಹುದು ಅಂದುಕೊಂಡೆ. ಮೂರು ಭಾನುವಾರ ಬೇಕಾಯಿತು.

ನಮ್ಮದು ಕುಂದಾಪುರ. ಸಮುದ್ರದ ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. 2007ರ ಗಾಡಿ, ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಡ್ರಮ್ಮಿನ ಎರಡು ತೂತಿಗೆ 8 ಎಂಎಂ ಬೋಲ್ಟ್ ಹಾಕಿ ತಿರುಗಿಸಿದೆ, ಸಲೀಸಾಗಿ ಬಂತು. ಆದರೆ ಬ್ರೇಕ್ ಆಯಿಲ್ ಬರುವ ಪೈಪಿನ ನಟ್ ತುಕ್ಕು ಹಿಡಿದು ಪೈಪಿಗೇ ಕಚ್ಚಿಕೊಂಡಿತ್ತು. ನಟ್ ಜೊತೆಗೆ ಪೈಪೂ ತಿರುಚಿಕೊಂಡು ಸೀಳಿತು. ಸಿಲಿಂಡರ್ 450 ರೂಪಾಯಿ, ಪೈಪ್ 350, ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಲೈನರ್ ಆಯಿಲ್ ಕುಡಿದಿತ್ತು, ಅದನ್ನು ಎಸೆದು ಹೊಸದಕ್ಕೆ 700.

ಆಮೇಲೆ ಏರ್, ಅಂದರೆ ಬಿಚ್ಚಿದಾಗ ಪೈಪಿನೊಳಗೆ ಸೇರಿದ ಗಾಳಿ, ತೆಗೆಯುವಾಗ ತಪ್ಪು ಮಾಡಿದೆ. ಮಗನನ್ನು ಕೂರಿಸಿ "ಪೂರ್ತಿ ಒತ್ತು" ಅಂದೆ. ಅವನು ಪ್ರತಿ ಸಲ ಪೆಡಲ್ ನೆಲ ಮುಟ್ಟುವ ತನಕ ಒತ್ತಿದ. ಕೆಲಸ ಮುಗಿದ ಮೇಲೆ ನೋಡಿದರೆ, ಪೆಡಲ್ ಒತ್ತಿ ಹಿಡಿದರೆ ಮೆಲ್ಲಗೆ ಇಳಿಯುತ್ತಿತ್ತು. ಪರಿಚಯದ ಮೆಕ್ಯಾನಿಕ್ "ಏರ್ ಉಳಿದಿದೆ, ಮತ್ತೆ ತೆಗೀರಿ" ಅಂದರು. ಮೂರು ಸಲ ತೆಗೆದೆ. ಒಂದೂವರೆ ಲೀಟರ್ ಡಾಟ್ 3 ಬ್ರೇಕ್ ಆಯಿಲ್, ಸುಮಾರು 600 ರೂಪಾಯಿ ನೀರಿನ ಹಾಗೆ ಹೋಯಿತು.

ಏರ್ ಇದ್ದರೆ ಪೆಡಲ್ ಮೆತ್ತಗಿರುತ್ತದೆ, ನಾಲ್ಕು ಸಲ ಒತ್ತಿದರೆ ಮೇಲೆ ಬರುತ್ತದೆ ಅಲ್ವಾ? ಇದು ಗಟ್ಟಿಯಾಗಿದ್ದೂ ಇಳಿಯುತ್ತಿತ್ತು. ಹೊರಗೆ ಒಂದು ಹನಿ ಸೋರಿಕೆ ಇಲ್ಲ, ಡಬ್ಬಿಯಲ್ಲೂ ಆಯಿಲ್ ಕಡಿಮೆಯಾಗಿಲ್ಲ. ಹಾಗಾದರೆ ಒಳಗೇ ಸೋರುತ್ತಿರಬೇಕು ಅಂತ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿದೆ. ಒಳಗಿನ ರಬ್ಬರ್ ವಾಷರ್ ದಿನಾ ಓಡಾಡುವ ಜಾಗ ಕನ್ನಡಿಯಂತಿತ್ತು. ಅದರಾಚೆ, ಮಾಮೂಲಿ ಬ್ರೇಕಿನಲ್ಲಿ ವಾಷರ್ ಮುಟ್ಟದ ಕಡೆ, ಕೊಳೆ ಕಟ್ಟಿ ಗುಳಿ ಬಿದ್ದಿತ್ತು. ನೆಲದ ತನಕ ಒತ್ತಿದಾಗ ವಾಷರ್ ಅಲ್ಲಿಗೆ ಹೋಗಿ ಗೀರಿಕೊಂಡಿದೆ. ಅಷ್ಟು ಕೆಳಗೆ ಹೋಗದಂತೆ ಪೆಡಲ್ ಅಡಿಗೆ ಒಂದು ಮರದ ತುಂಡು ಇಟ್ಟಿದ್ದರೆ 1,900 ರೂಪಾಯಿ ಉಳಿಯುತ್ತಿತ್ತು.

ಹೊಸ ಮಾಸ್ಟರ್ ಸಿಲಿಂಡರನ್ನು ವೈಸಿಗೆ ಕಚ್ಚಿಸಿ, ಅದರ ಏರ್ ಮೊದಲೇ ತೆಗೆದು ಕೂರಿಸಿದೆ. ಈ ಸಲ ಪೆಡಲ್ ಮುಟ್ಟುವುದೇ ಬೇಡ ಅಂತ ತೀರ್ಮಾನಿಸಿದೆ. ದೊಡ್ಡ ಸಿರಿಂಜಿನಲ್ಲಿ, ಚಕ್ರದ ಬಳಿ ಏರ್ ಬಿಡುವ ಸಣ್ಣ ಸ್ಕ್ರೂ ಆದ ನಿಪ್ಪಲ್‌ನಿಂದ ಎಳೆದು ನೋಡಿದೆ. ಥ್ರೆಡ್ಡಿನ ಸಂದಿಯಿಂದ ಹೊರಗಿನ ಗಾಳಿಯೇ ಬಂದು ಗುಳ್ಳೆ ನಿಲ್ಲಲಿಲ್ಲ. ಟೆಫ್ಲಾನ್ ಟೇಪ್ ಸುತ್ತಿದೆ, ಸ್ವಲ್ಪ ಕಡಿಮೆಯಾಯಿತು ಅಷ್ಟೇ.

ಕೊನೆಗೆ ಆಯಿಲ್ ತನ್ನ ಭಾರಕ್ಕೇ ಸುಮ್ನೆ ಇಳಿಯಲು ಬಿಟ್ಟೆ. "ಒತ್ತಡ ಇಲ್ಲದೆ ಏರ್ ಬರಲ್ಲ" ಅಂದವರೇ ಜಾಸ್ತಿ. ಡಬ್ಬಿಯ ಮುಚ್ಚಳ ತೆಗೆದು, ದೂರದ ಚಕ್ರದಿಂದ ಶುರು ಮಾಡಿ, ನಿಪ್ಪಲ್ ಸಡಿಲಿಸಿ ಪೈಪ್ ಹಾಕಿ ಬಾಟಲಿಗೆ ಬಿಟ್ಟೆ. ಒಂದೊಂದು ಚಕ್ರಕ್ಕೆ 20-25 ನಿಮಿಷ. ಆಗಾಗ ಡಬ್ಬಿ ತುಂಬಿಸುತ್ತಾ, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಕೂತೆ. ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಸಾಕಾಯಿತು. ಬಲ ಹಿಂದಿನ ನಿಪ್ಪಲ್ ತುಕ್ಕಿನಿಂದ ಜಾಮ್ ಆಗಿತ್ತು. ಅದನ್ನು ಮುರಿಯದೆ ಬಿಡಿಸಿದ ಎಣ್ಣೆ ಮಿಶ್ರಣದ ಅಳತೆ ಮಾತ್ರ ನನ್ನಲ್ಲೇ ಇರಲಿ.

ಮೊದಲು ಖಾಲಿ ಮೈದಾನದಲ್ಲಿ ಹತ್ತಾರು ಸಲ ಬ್ರೇಕ್ ಹಾಕಿ ನೋಡಿದೆ. ಮುಂದಿನ ವಾರ ಆಗುಂಬೆ ಘಾಟಿಗೆ ಹೋಗಿ, ಅದೇ ಮೆಕ್ಯಾನಿಕ್ ಪಕ್ಕದಲ್ಲಿ ಕೂತಿದ್ದಾಗ 14 ಹೇರ್‌ಪಿನ್ ತಿರುವುಗಳನ್ನೂ ಇಳಿಸಿದೆ. ಪೆಡಲ್ ಹೊಸ ಗಾಡಿಯ ಹಾಗೆ ಮೇಲೆಯೇ ನಿಂತಿತ್ತು. ಘಾಟಿ ಕೆಳಗಿನ ಸೋಮೇಶ್ವರದಲ್ಲಿ ಚಹಾ ಕುಡಿಯುವಾಗ ಅವರು ಬೇರೇನೂ ಹೇಳಲಿಲ್ಲ, ಆ ಎಣ್ಣೆಯ ಅಳತೆ ಕೇಳಿದರು.