ಎಡಗೈಗೆ ಕತ್ತರಿ, ಬಲಗೈಗೆ ಉಜ್ಜುಕಾಗದ

ಮಂಗಳವಾರ, ಶುಕ್ರವಾರ ಉಗುರು ತೆಗೆಯಬಾರದು. ದೀಪ ಹಚ್ಚಿದ ಮೇಲಂತೂ ನೇಲ್ ಕಟರ್ ಮುಟ್ಟಲೇಬಾರದು. ನಮ್ಮ ಮನೆಯಲ್ಲಿ ಅಜ್ಜಿಯ ಈ ಕಾನೂನು ಮುರಿದದ್ದು ಗಿಟಾರ್ ಬಂದ ಮೇಲೆ. ಅದಕ್ಕಿಂತ ದೊಡ್ಡ ಒಗಟು ಅವರಿಗೆ ಮುಂದೆ ಕಾದಿತ್ತು. ನನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿ, “ಒಂದೇ ಕೈಯ ಉಗುರು ತೆಗೆದಿದ್ದೀಯಲ್ಲ, ಇನ್ನೊಂದು ಯಾರಿಗೆ?” ಎಂದು ಕೇಳಿದ್ದರು.

ಗಿಟಾರಿಗೆ ಬೇಕಾದದ್ದೇ ಹಾಗೆ. ತಂತಿಯನ್ನು ಒತ್ತುವ ಎಡಗೈಯಲ್ಲಿ ಉಗುರು ಇರಕೂಡದು. ಮೀಟುವ ಬಲಗೈಯಲ್ಲಿ ಇದ್ದರೆ ಲಾಭ, ಆದರೆ ಎಷ್ಟಿರಬೇಕು, ಯಾವ ಆಕಾರದಲ್ಲಿರಬೇಕು ಎನ್ನುವುದಕ್ಕೆ ಲೆಕ್ಕವಿದೆ. (ಎಡಚರು ಗಿಟಾರನ್ನು ತಿರುಗಿಸಿ ಹಿಡಿಯುವುದಾದರೆ ಮುಂದಿನದನ್ನೂ ತಿರುಗಿಸಿ ಓದಿಕೊಳ್ಳಬೇಕು.) ಕಲಿಯುವವರು ‘ನನ್ನ ಬೆರಳೇ ದಪ್ಪ’, ‘ನನ್ನ ಕೈಗೆ ಇದು ಹತ್ತುವುದಿಲ್ಲ’ ಎಂದು ಕೊರಗುವ ಎಷ್ಟೋ ತೊಂದರೆಗಳು ಬೆರಳಿನವಲ್ಲ, ಉಗುರಿನವು.

ಮೊದಲು ಎಡಗೈ

ಎಡಗೈಯ ನಾಲ್ಕು ಬೆರಳುಗಳನ್ನು ಮಡಿಸಿ, ತುದಿಗಳನ್ನು ಮೇಜಿನ ಮೇಲೆ ನೇರವಾಗಿ ನಿಲ್ಲಿಸಿ ತಟ್ಟಿ ನೋಡಿ. ‘ಟಿಕ್’ ಎಂದರೆ ಉಗುರು ಇದೆ. ಮೆತ್ತಗೆ ‘ತಪ್’ ಎಂದರೆ ಸರಿ. ಇಷ್ಟೇ ಪರೀಕ್ಷೆ.

ಉಗುರು ಇದ್ದರೆ ಏನಾಗುತ್ತದೆ ಎಂಬುದನ್ನು ಸಿ ಕಾರ್ಡ್ ಹಿಡಿದರೆ ತಿಳಿಯಬಹುದು. ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ತಂತಿಗಳ ಎಣಿಕೆ ತೆಳ್ಳನೆಯದರಿಂದ ಶುರು; ಮನೆ ಎಂದರೆ ಕುತ್ತಿಗೆಯ ಮೇಲಿನ ಎರಡು ಫ್ರೆಟ್‌ಗಳ (ಲೋಹದ ಅಡ್ಡಪಟ್ಟಿಗಳ) ನಡುವಿನ ಜಾಗ. ಉಂಗುರಬೆರಳು ಐದನೆಯ ತಂತಿಯ ಮೂರನೆಯ ಮನೆಯಲ್ಲಿ, ನಡುಬೆರಳು ನಾಲ್ಕನೆಯ ತಂತಿಯ ಎರಡನೆಯ ಮನೆಯಲ್ಲಿ, ತೋರುಬೆರಳು ಎರಡನೆಯ ತಂತಿಯ ಮೊದಲ ಮನೆಯಲ್ಲಿ. ಮೂರನೆಯದೂ ಮೊದಲನೆಯದೂ ಖಾಲಿ ಬಿಟ್ಟ ತಂತಿಗಳು. ಅವು ತೆರೆದು ನುಡಿಯಬೇಕು. ಉಗುರು ಉದ್ದವಿದ್ದರೆ ಅದು ಮರಕ್ಕೆ ತಾಗುತ್ತದೆ, ಬೆರಳು ನಿಲ್ಲಲಾಗದೆ ಮಲಗುತ್ತದೆ. ಮಲಗಿದ ತೋರುಬೆರಳು ಪಕ್ಕದ ಮೊದಲ ತಂತಿಯ ಬಾಯಿ ಮುಚ್ಚುತ್ತದೆ. ನಾನು ಎರಡು ವಾರ ಈ ಒಂದು ತಂತಿಗಾಗಿ ಮಣಿಕಟ್ಟನ್ನು ಹತ್ತು ಬಗೆಯಲ್ಲಿ ತಿರುಚಿ ನೋವು ಮಾಡಿಕೊಂಡಿದ್ದೆ. ಕೊನೆಗೆ ಅದು ನುಡಿದದ್ದು ಒಂದು ಮಿಲಿಮೀಟರ್ ಉಗುರು ತೆಗೆದಾಗ.

ಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಆದ್ದರಿಂದ ಮೂರು ನಾಲ್ಕು ದಿನಕ್ಕೊಮ್ಮೆ ಕತ್ತರಿಸಬೇಕು. ಹಾಗೆಂದು ಮಾಂಸಕ್ಕೆ ಕಚ್ಚುವಷ್ಟು ಆಳಕ್ಕೆ ಹೋಗಬೇಡಿ. ಉಗುರುಸುತ್ತು ಬಂದರೆ ವಾರಗಟ್ಟಲೆ ಗಿಟಾರ್ ಮೂಲೆ ಸೇರುತ್ತದೆ. ಅಭ್ಯಾಸಕ್ಕೆ ಕೂರುವ ಮುಂಚೆ ಕತ್ತರಿಸುವುದಕ್ಕಿಂತ ಹಿಂದಿನ ದಿನವೇ ಕತ್ತರಿಸಿಟ್ಟರೆ ತುದಿ ಉರಿಯುವುದಿಲ್ಲ.

ಉಗುರು ಹೋದ ಮೇಲೆ ಹಿಡಿತ ಸರಿಮಾಡಿಕೊಳ್ಳಿ. ಹೆಬ್ಬೆರಳು ಕುತ್ತಿಗೆಯ ಹಿಂಬದಿಯಲ್ಲಿ, ಹೆಚ್ಚುಕಡಿಮೆ ನಡುಬೆರಳಿನ ಎದುರಿಗೆ ಇರಲಿ. ಬೆರಳು ಫ್ರೆಟ್‌ನ ಲೋಹದ ಪಟ್ಟಿಯ ಮೇಲಲ್ಲ, ಅದಕ್ಕೆ ತಾಗಿದಂತೆ ಹಿಂದೆ ಕೂರಬೇಕು. ಈಗ ತಂತಿಯನ್ನು ಬರಿದೆ ಮುಟ್ಟಿ, ಬಲಗೈಯಿಂದ ಮೀಟುತ್ತಲೇ ಎಡಬೆರಳಿನ ಒತ್ತಡವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗಿ. ಮೊದಲು ಸತ್ತ ಸದ್ದು, ಆಮೇಲೆ ಜುಂಯ್ ಎನ್ನುವ ಕರಕರೆ, ಆಮೇಲೆ ಶುದ್ಧ ಸ್ವರ. ಸ್ವರ ಶುದ್ಧವಾದ ಕ್ಷಣದ ಒತ್ತಡವೇ ಸಾಕು. ಅದಕ್ಕಿಂತ ಜಾಸ್ತಿ ಒತ್ತಿದರೆ ಬೆರಳು ನೋಯುವುದಷ್ಟೇ ಅಲ್ಲ, ತಂತಿ ಬಿಗಿದು ಸ್ವರ ಮೇಲಕ್ಕೆ ಸರಿಯುತ್ತದೆ. ತುದಿಯ ಚರ್ಮ ಗಟ್ಟಿಯಾಗಲು ಕೆಲವು ವಾರ ಬೇಕು. ಅಲ್ಲಿಯ ತನಕ ಪಾತ್ರೆ ತೊಳೆದ ಕೈಯಲ್ಲೇ, ಸ್ನಾನದಿಂದ ಬಂದವರೇ ಬಾರಿಸಲು ಕೂರಬೇಡಿ. ನೆನೆದ ಚರ್ಮವನ್ನು ತಂತಿ ಕೊಯ್ಯುತ್ತದೆ.

ಎಲ್ಲ ತಂತಿವಾದ್ಯಕ್ಕೂ ಇದೇ ನಿಯಮವೆಂದು ತಿಳಿಯಬೇಡಿ. ಸರೋದ್‌ಗೆ ಫ್ರೆಟ್‌ಗಳಿಲ್ಲ, ನುಣುಪಾದ ಉಕ್ಕಿನ ಹಲಗೆ. ಅಲಿ ಅಕ್ಬರ್ ಖಾನರಂಥವರು ಎಡಗೈಯ ಉಗುರಿನ ಅಂಚಿನಿಂದಲೇ ತಂತಿಯನ್ನು ಒತ್ತಿ ಜಾರಿಸುತ್ತಿದ್ದರು. ಮೈಸೂರಿನಲ್ಲಿ ನೆಲೆಸಿದ್ದ ರಾಜೀವ ತಾರಾನಾಥರು ಅವರದೇ ಶಿಷ್ಯರು. ಸರೋದ್ ಕಲಿಯುವವನ ಎಡಗೈ ಉಗುರಿಗೆ ಕತ್ತರಿ ಹಾಕಿದರೆ ಅವನ ಕಸುಬೇ ಹೋದಂತೆ.

ಉದ್ದ ಉಗುರಿನ ಮೇಲೆ ಆಸೆಯಿರುವವರು ಕೇಳುವ ಪ್ರಶ್ನೆಗೂ ಉತ್ತರವಿದೆ. ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಉದ್ದನೆಯ ಕೃತಕ ಉಗುರುಗಳನ್ನಿಟ್ಟುಕೊಂಡೇ ಗಿಟಾರ್ ಹಿಡಿದವರು. 1980ರ ಒಂದು ಹಾಡಿನಲ್ಲಿ ಆ ಉಗುರುಗಳನ್ನೇ ಒಂದಕ್ಕೊಂದು ಉಜ್ಜಿ ಟೈಪ್‌ರೈಟರಿನಂಥ ತಾಳ ಹುಟ್ಟಿಸಿದ್ದಾರೆ. ಖಾಲಿ ತಂತಿಗಳೇ ಒಂದು ಕಾರ್ಡ್ ನುಡಿಯುವಂತೆ ಶ್ರುತಿ ಮಾಡಿಕೊಂಡು, ಒಂದು ಬೆರಳನ್ನು ಅಡ್ಡಲಾಗಿ ಮಲಗಿಸಿದರೆ ಉಗುರು ಉಳಿಸಿಕೊಂಡೂ ಹಾಡಿಗೆ ಜೊತೆ ನುಡಿಸಬಹುದು. ಬಿಡಿ ಸ್ವರಗಳ ಕುಸುರಿ ಮಾತ್ರ ಆಗದು.

ಬಲಗೈ: ಇನ್ನೂರು ವರ್ಷದ ಜಗಳ

ಬಲಗೈಯಲ್ಲಿ ಉಗುರು ಬೇಕೇ ಬೇಡವೇ ಎಂಬ ಚರ್ಚೆ ಹಳೆಯದು. ಸ್ಪೇನಿನ ಗಿಟಾರ್ ವಾದಕ ಫೆರ್ನಾಂಡೊ ಸೋರ್ ಬರಿಬೆರಳಿನಲ್ಲಿ ಮೀಟುತ್ತಿದ್ದರು. 1830ರಲ್ಲಿ ಪ್ರಕಟಿಸಿದ ತಮ್ಮ ಪಾಠಪುಸ್ತಕದಲ್ಲಿ ಉಗುರಿನ ಸದ್ದು ಸಹಿಸಲಾಗದು ಎಂಬರ್ಥದ ಮಾತು ಬರೆದಿದ್ದಾರೆ. ಅವರ ಗೆಳೆಯ ದಿಯೊನೀಸಿಯೊ ಅಗುವಾದೊ ಉಗುರಿನವರು. ಇಬ್ಬರೂ ಪ್ಯಾರಿಸ್ಸಿನಲ್ಲಿ ಒಂದೇ ಕಟ್ಟಡದಲ್ಲಿ ವಾಸವಿದ್ದರು, ಒಟ್ಟಿಗೆ ನುಡಿಸಲೆಂದು ಸೋರ್ ಒಂದು ಜೋಡಿಕೃತಿಯನ್ನೂ ರಚಿಸಿದರು. ಮುಂದಿನ ತಲೆಮಾರಿನ ಫ್ರಾನ್ಸಿಸ್ಕೊ ತಾರೇಗ ಕೊನೆಗಾಲದಲ್ಲಿ ಉಗುರು ತೆಗೆಸಿಬಿಟ್ಟರು. ಅವರ ಶಿಷ್ಯರಲ್ಲಿ ಎಮಿಲಿಯೊ ಪುಜೋಲ್ ಗುರುವಿನ ದಾರಿ ಹಿಡಿದರೆ, ಮಿಗೆಲ್ ಲ್ಯೊಬೆಟ್ ಉಗುರು ಉಳಿಸಿಕೊಂಡರು. ಆಂದ್ರೆಸ್ ಸೆಗೋವಿಯ ಮಾಂಸ ಮತ್ತು ಉಗುರು ಎರಡನ್ನೂ ಕೂಡಿಸಿ ಮೀಟಿದರು. ದೊಡ್ಡ ಸಭಾಂಗಣಕ್ಕೆ ತುಂಬುವ ಆ ನಾದದ ಹಿಂದೆ ಹೆಚ್ಚಿನವರು ಹೋದರು. ನಮ್ಮ ವೀಣೆಯಲ್ಲೂ ಬೆರಳಿಗೆ ತಂತಿಯ ನಖಿ ತೊಡುವವರಿದ್ದಾರೆ, ಬರಿಯ ಉಗುರಿನಲ್ಲಿ ಮೀಟುವವರಿದ್ದಾರೆ.

ನನ್ನ ಮತ ಸೆಗೋವಿಯ ಕಡೆಗೆ, ಅದೂ ನೈಲಾನ್ ತಂತಿಯ ಗಿಟಾರಿಗೆ ಮಾತ್ರ. ಹೇಗೆಂದು ಹೇಳುತ್ತೇನೆ.

ಅಂಗೈಯನ್ನು ನಿಮ್ಮ ಕಡೆಗೆ ತಿರುಗಿಸಿ ಕಣ್ಣಿನ ಎತ್ತರಕ್ಕೆ ಹಿಡಿಯಿರಿ. ತೋರು, ನಡು, ಉಂಗುರ ಬೆರಳುಗಳ ಮಾಂಸದ ಅಂಚಿನ ಮೇಲೆ ಉಗುರು ಬಿದಿಗೆ ಚಂದ್ರನಂತೆ 1ರಿಂದ 2 ಮಿಲಿಮೀಟರ್ ಇಣುಕಿದರೆ ಸಾಕು. ಹೆಬ್ಬೆರಳಿಗೆ ಇನ್ನಷ್ಟು ಇರಲಿ. ಕಿರುಬೆರಳಿಗೆ ಇಲ್ಲಿ ಕೆಲಸವಿಲ್ಲ. ಕೆಳಕ್ಕೆ ಕೊಕ್ಕೆಯಂತೆ ಬಾಗುವ ಉಗುರಿನವರು ಇದಕ್ಕಿಂತಲೂ ಗಿಡ್ಡ ಇಟ್ಟುಕೊಳ್ಳಬೇಕು.

ಉದ್ದಕ್ಕಿಂತ ಆಕಾರ ಮುಖ್ಯ. ತಂತಿ ಹೆಬ್ಬೆರಳಿನ ಕಡೆಯ ಅಂಚಿನಿಂದ ಉಗುರನ್ನು ಹತ್ತಿ, ತುದಿಯ ಮೇಲೆ ಜಾರಿ ಹೊರಬೀಳುತ್ತದೆ. ಅದು ಹತ್ತುವ ಕಡೆ ಉಗುರು ತಗ್ಗಾಗಿರಬೇಕು, ಬಿಡುವ ಕಡೆಗೆ ಸಣ್ಣ ಇಳಿಜಾರಿನಂತೆ ಏರಬೇಕು. ಮೂಲೆ, ಗೂಟ, ಹಲ್ಲು ಯಾವುದೂ ಇರಕೂಡದು. ಒಣಗಿದ ಉಗುರನ್ನೇ ಅರದಿಂದ ಉಜ್ಜಿ. ನೀರು ಕುಡಿದ ಉಗುರು ಬಾಗುತ್ತದೆ, ಪದರು ಬಿಡುತ್ತದೆ. ಆಮೇಲೆ ಹಾರ್ಡ್‌ವೇರ್ ಅಂಗಡಿಯಿಂದ 1000 ಮತ್ತು 2000 ನಂಬರಿನ ವಾಟರ್ ಪೇಪರ್ (ನುಣ್ಣನೆಯ ಉಜ್ಜುಕಾಗದ) ತನ್ನಿ, ಕಾರಿಗೆ ಬಣ್ಣ ಹೊಡೆಯುವವರು ಬಳಸುವುದು ಇದನ್ನೇ. ಅಂಚನ್ನಷ್ಟೇ ಅಲ್ಲ, ಅಂಚಿನ ಕೆಳಭಾಗವನ್ನೂ ನುಣುಪು ಮಾಡಿ, ತಂತಿ ಓಡುವುದು ಅಲ್ಲಿ. ರೇಷ್ಮೆ ಬಟ್ಟೆಯ ಮೇಲೆ ಎಳೆದಾಗ ಒಂದು ನೂಲೂ ಸಿಕ್ಕಿಕೊಳ್ಳದಿದ್ದರೆ ಕೆಲಸ ಮುಗಿಯಿತು. ಅಮ್ಮನ ಮದುವೆ ಸೀರೆ ಈ ಪರೀಕ್ಷೆಗೆ ಬೇಡ.

ಇನ್ನು ಮೀಟುವುದು. ತಂತಿಯನ್ನು ಮೊದಲು ಮುಟ್ಟುವುದು ಬೆರಳಿನ ಮಾಂಸ, ಅದರ ಬೆನ್ನಿಗೇ ಉಗುರು. ಎರಡೂ ಒಂದೇ ಚಲನೆ. ತಂತಿಯನ್ನು ಹೊರಕ್ಕೆ ಕೀಳಬೇಡಿ, ಗಿಟಾರಿನ ಹಲಗೆಯ ಕಡೆಗೆ ಕೊಂಚ ಒತ್ತಿ ಬಿಟ್ಟುಬಿಡಿ. ಬೆರಳು ಬುಡದ ಗೆಣ್ಣಿನಿಂದ ಚಲಿಸಲಿ, ಮಣಿಕಟ್ಟು ನೇರವಾಗಿರಲಿ. ಮೀಟಿದ ಬೆರಳು ಮೇಲಿನ ತಂತಿಗೆ ಒರಗಿ ನಿಂತರೆ ಸ್ವರ ದುಂಡಗೆ ಬರುತ್ತದೆ, ಹಾಡಿನ ಧಾಟಿಗೆ ಅದು ಚೆನ್ನ. ಒರಗದೆ ಗಾಳಿಯಲ್ಲಿ ಹಾದುಹೋದರೆ ಹಗುರ, ಕಾರ್ಡನ್ನು ಬಿಡಿಸಿ ನುಡಿಸಲು ಅದೇ ಸರಿ.

ತಪ್ಪು ಎಲ್ಲಿದೆ ಎಂದು ಕಿವಿ ಹೇಳುತ್ತದೆ. ಸ್ವರಕ್ಕೆ ಮುಂಚೆ ‘ಕ್ಲಿಕ್’ ಕೇಳಿಸಿದರೆ ನುಡಿಯುತ್ತಿರುವ ತಂತಿಗೆ ಉಗುರು ನೇರವಾಗಿ ಬಡಿಯುತ್ತಿದೆ, ಮಾಂಸವನ್ನು ಮುಂದೆ ಮಾಡಿ. ಬೆರಳು ತಂತಿಯಲ್ಲಿ ಸಿಕ್ಕಿ ತಡವಾದರೆ ಉಗುರು ಉದ್ದ ಅಥವಾ ಇಳಿಜಾರು ಕಡಿದು. ಸದ್ದು ತೆಳ್ಳಗೆ ತಗಡಿನಂತಿದ್ದರೆ ಬರಿಯ ಉಗುರೇ ಕೆಲಸ ಮಾಡುತ್ತಿದೆ. ಮಂಕಾಗಿ ಕಂಬಳಿ ಹೊದ್ದಂತಿದ್ದರೆ ಉಗುರು ಸಾಲದು. ಒಂದು ವಾರ ಬಿಡಿ.

ಊಟ, ಅವರೆಕಾಳು ಮತ್ತು ಸೂಪರ್‌ಗ್ಲೂ

ಪಾಶ್ಚಾತ್ಯ ಪಾಠಪುಸ್ತಕಗಳಲ್ಲಿ ಇಲ್ಲದ ತೊಡಕೊಂದು ನಮಗಿದೆ: ನಾವು ಉಣ್ಣುವುದೂ ಇದೇ ಕೈಯಲ್ಲಿ. ಸಾರಿನ ಅರಿಶಿನ ಉಗುರಿಗೆ ಹತ್ತುತ್ತದೆ, ಅಡಿಯಲ್ಲಿ ಅನ್ನ ಸಿಕ್ಕುತ್ತದೆ. ಮೆತ್ತನೆಯ ಬ್ರಷ್ ಒಂದನ್ನು ಕೈತೊಳೆಯುವ ಜಾಗದಲ್ಲಿಡಿ. ಅವರೆಕಾಯಿ ಕಾಲದಲ್ಲಿ ಮನೆಮಂದಿ ಕಾಳು ಹಿತಕಲು ಕುಳಿತಾಗ ಎಡಗೈ ಮಾತ್ರ ಕೊಡಿ. ನೆನೆದ ಕಾಳಿನ ಜೊತೆ ನೆನೆದ ಉಗುರೂ ಸೀಳುತ್ತದೆ. ಸೋಮಾರಿ ಎನ್ನುತ್ತಾರೆ, ಅನ್ನಲಿ. ರಾತ್ರಿ ಬುಡಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿದರೆ ಉಗುರು ಸುಲಭವಾಗಿ ಸಿಡಿಯುವುದಿಲ್ಲ.

ಆದರೂ ಮುರಿಯುತ್ತದೆ. ಬಿರುಕು ಸಣ್ಣದಾದರೆ ಟಿಶ್ಯೂ ಕಾಗದದ ಚೂರಿಟ್ಟು ಸೂಪರ್‌ಗ್ಲೂ ಹನಿಸಿ, ಒಣಗಿದ ಮೇಲೆ ಉಜ್ಜಿ. ಸ್ಪೇನಿನ ಫ್ಲಮೆಂಕೊ ಶೈಲಿಯಲ್ಲಿ ನುಡಿಸುವವರು ಬಿರುಕು ಇಲ್ಲದಿದ್ದರೂ ಬಲಕ್ಕೆಂದು ಹೀಗೆ ಮಾಡುವುದುಂಟು. ಪೂರ್ತಿ ಹೋದರೆ ಟೇಬಲ್ ಟೆನ್ನಿಸ್ ಚೆಂಡಿನಿಂದ ಉಗುರಿನಾಕಾರದ ತುಂಡು ಕತ್ತರಿಸಿ ಅಂಟಿಸುವುದು ಹಳೆಯ ಉಪಾಯ. ಚೆಂಡಿನ ಬಾಗು ಉಗುರಿಗೆ ಹೊಂದುತ್ತದೆ. ಬ್ಯೂಟಿ ಪಾರ್ಲರಿನ ಅಕ್ರಿಲಿಕ್ ಗಟ್ಟಿಯೇನೋ ಹೌದು, ಆದರೆ ಹವ್ಯಾಸಿಗಳಿಗೆ ಅದು ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ.

ನಿಮ್ಮದು ಉಕ್ಕಿನ ತಂತಿಯ ಗಿಟಾರ್ ಆಗಿದ್ದರೆ ಇಷ್ಟೆಲ್ಲ ಆರೈಕೆಯನ್ನು ಅದು ಕೆಲವೇ ದಿನಗಳಲ್ಲಿ ಅರೆದು ಹಾಕುತ್ತದೆ. ತಂತಿ ಮೀಟುವ ಸಣ್ಣ ಬಿಲ್ಲೆ, ಅಂದರೆ ಪಿಕ್ ಕೊಳ್ಳಿ; ಆರಂಭಕ್ಕೆ ಸುಮಾರು 0.7 ಮಿಲಿಮೀಟರ್ ದಪ್ಪದ್ದು. ಮಡಿಸಿದ ತೋರುಬೆರಳಿನ ಬದಿಯ ಮೇಲೆ ಪಿಕ್ ಇಟ್ಟು, ಹೆಬ್ಬೆರಳಿನಿಂದ ಮುಚ್ಚಿ, ತುದಿ ಮಾತ್ರ ಹೊರಗಿರಲಿ. ಬಿಗಿಯಾಗಿ ಹಿಡಿದರೆ ಮಣಿಕಟ್ಟು ಕಲ್ಲಾಗುತ್ತದೆ, ಸಡಿಲ ಬಿಟ್ಟರೆ ಪಿಕ್ ಗಿಟಾರಿನ ಹೊಟ್ಟೆಯೊಳಗೆ ಬೀಳುತ್ತದೆ. ಬಿದ್ದರೆ ಸುಮ್ಮನೆ ಬೋರಲು ಹಿಡಿದು ಜಾಡಿಸಬೇಡಿ. ಗಿಟಾರನ್ನು ಮಲಗಿಸಿಯೇ ಓಲಾಡಿಸಿ ಪಿಕ್ಕನ್ನು ರಂಧ್ರದ ನೇರಕ್ಕೆ ತನ್ನಿ, ಆಮೇಲೆ ಒಮ್ಮೆಲೇ ಮಗುಚಿ. ಮೂರನೆಯ ಸಲಕ್ಕೆ ಬರುತ್ತದೆ.