ಕಕ್ಕಡದ ಮಳೆಯಲ್ಲಿ ತಗಡಿನ ಹಾರ್ನ್ ಇಟ್ಟು ಕ್ಷೀರಪಥದ ವೇಗ ಅಳೆದೆ

ಕೊನೆಗೂ ಕರ್ವ್ ಬಂತು, ಅಂದರೆ ಕೇಂದ್ರದಿಂದ ಎಷ್ಟು ದೂರದಲ್ಲಿ ತಿರುಗುವ ವೇಗ ಎಷ್ಟು ಅಂತ ತೋರಿಸುವ ಗೆರೆ. ನಮ್ಮ ಕ್ಷೀರಪಥದ ಒಳಭಾಗ ತಿರುಗುವ ವೇಗ ಸೆಕೆಂಡಿಗೆ 205ರಿಂದ 235 ಕಿಲೋಮೀಟರ್ ಒಳಗೆ, ಹೆಚ್ಚುಕಡಿಮೆ ಸಪಾಟಾಗಿ ಬಂತು. ಅದೂ ತಗಡಿನ ಹಾರ್ನ್ ಅನ್ನುವ ಅಗಲ ಬಾಯಿಯ ರೇಡಿಯೋ ಆಂಟೆನಾ ಇಟ್ಟು, ಕೊಡಗಿನ ಸಿದ್ದಾಪುರ ಕಡೆಯ ನಮ್ಮ ತೋಟದಲ್ಲಿ, ಕಕ್ಕಡ ತಿಂಗಳ ಮಳೆ ಬಿಡದೆ ಹೊಯ್ಯುತ್ತಿದ್ದಾಗ. ಬೆಂಗಳೂರಿನ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯನೊಬ್ಬ "ಮೂರು ಮೀಟರ್ ಡಿಶ್ ಇಲ್ಲದೆ ಇದೆಲ್ಲ ಆಗಲ್ಲ, ಸುಮ್ನೆ ದುಡ್ಡು ಹಾಳು ಮಾಡ್ಬೇಡ" ಅಂದಿದ್ದ. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ನಮ್ಮ ಭಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಳೆಗಾಲದಲ್ಲಿ ಕೊಡಗಿನಿಂದ ಆಕಾಶ ನೋಡುವ ಮಾತೇ ಬೇಡ ಅಂದರು. ಇಬ್ಬರಿಗೂ ಗ್ರಾಫ್ ಕಳಿಸಿದ್ದೇನೆ. ಗೆಳೆಯ ಬಂದು ಕಣ್ಣಾರೆ ನೋಡಿದ, ಈಗ ಅವನೂ ತಗಡು ಕೊಂಡಿದ್ದಾನೆ.

ನಾನು ಹಿಡಿಯುವುದು ಕ್ಷೀರಪಥದ ಹೈಡ್ರೋಜನ್ ಅನಿಲ ಸೂಸುವ 21 ಸೆಂಟಿಮೀಟರ್ ರೇಡಿಯೋ ತರಂಗ, ಅಂದರೆ 1420.4 ಮೆಗಾಹರ್ಟ್ಸ್. ಕಂಪ್ಯೂಟರಿಗೆ ಚುಚ್ಚುವ ರೇಡಿಯೋ ರಿಸೀವರ್, ಅಂದರೆ ಡಾಂಗಲ್, ಹೇಗೆ ಹಾಕುವುದು ಅಂತ ಇಲ್ಲಿ ಹೇಳಲು ಹೋಗುವುದಿಲ್ಲ. ಮಳೆಗಾಲ ಯಾಕೆ ಅನ್ನುವುದನ್ನು ಮಾತ್ರ ಹೇಳುತ್ತೇನೆ. ನಮ್ಮ ಅಕ್ಷಾಂಶ ಸುಮಾರು ಹನ್ನೆರಡೂವರೆ ಡಿಗ್ರಿ. ಜುಲೈ ಮಧ್ಯದಲ್ಲಿ ನಡುರಾತ್ರಿ ಗರುಡ ನಕ್ಷತ್ರಪುಂಜ ನೆತ್ತಿಯ ಮೇಲೇ ಇರುತ್ತದೆ. ಗ್ಯಾಲಕ್ಸಿ ರೇಖಾಂಶ (ಕ್ಷೀರಪಥದ ಕೇಂದ್ರದ ದಿಕ್ಕಿನಿಂದ ಅಳೆದ ಕೋನ) 46ರ ಹತ್ತಿರದ ಭಾಗ ನೇರ ತಲೆ ಮೇಲೆ ಹಾದುಹೋಗುತ್ತದೆ. ನಮಗೆ ಬೇಕಾದ 20ರಿಂದ 75 ಡಿಗ್ರಿ ಭಾಗ ಒಂದೇ ರಾತ್ರಿಯಲ್ಲಿ ಸಿಗುತ್ತದೆ, ಸೂರ್ಯನ ಕಾಟವೂ ಇಲ್ಲ. ಈ ತರಂಗಕ್ಕೆ ಮೋಡ ಲೆಕ್ಕಕ್ಕೇ ಇಲ್ಲ. ಟೆಲಿಸ್ಕೋಪ್ ಇಟ್ಟವರು ಜೂನ್‌ನಲ್ಲಿ ಮುಚ್ಚಿಟ್ಟರೆ ಅಕ್ಟೋಬರ್‌ವರೆಗೆ ತೆಗೆಯುವ ಹಾಗಿಲ್ಲ, ನನಗೆ ಅದೇ ಸೀಸನ್.

ಹಾರ್ನ್ ಬಾಯಿ ಸುಮಾರು 75ಕ್ಕೆ 60 ಸೆಂಟಿಮೀಟರ್. ಗೋಣಿಕೊಪ್ಪದಲ್ಲಿ ತಗಡಿನ ಕೆಲಸ ಮಾಡುವವರ ಹತ್ತಿರ ಚಿತ್ರ ತಗೊಂಡು ಹೋದಾಗ, "ಕಾಫಿ ಪಲ್ಪರ್‌ಗೆ ಹಾಪರಾ ಅಣ್ಣ? ಕೆಳಗಿನ ತೂತು ಇಷ್ಟು ದೊಡ್ಡದು ಯಾಕೆ?" ಅಂತ ಕೇಳಿದರು. ತೂಕ ಹಾಕಿ ಎರಡೂವರೆ ಸಾವಿರ ತಗೊಂಡರು. ಮೂಲೆಗಳನ್ನು ಒಳಗಿನಿಂದ ಅಲ್ಯೂಮಿನಿಯಂ ಟೇಪ್‌ನಲ್ಲಿ ಒತ್ತಿ ಮುಚ್ಚಬೇಕು, ಹೊರಗಿನಿಂದ ಹಚ್ಚಿದರೆ ಪ್ರಯೋಜನ ಇಲ್ಲ.

ವೇವ್‌ಗೈಡ್‌ಗೆ, ಅಂದರೆ ಹಾರ್ನ್ ಹಿಡಿದ ತರಂಗ ಇಳಿದು ಬರುವ ಡಬ್ಬಕ್ಕೆ, ಮೊದಲು ಎಲ್ಲರ ಮನೆಯಲ್ಲೂ ಸಿಗುವ 15 ಕೆಜಿ ಎಣ್ಣೆ ಡಬ್ಬ ಹಾಕಿದ್ದೆ. ಕೆಲಸಕ್ಕೆ ಬರಲಿಲ್ಲ. ಅದರ ಅಗಲ ಇಪ್ಪತ್ತಮೂರು ಸೆಂಟಿಮೀಟರ್ ಮೇಲೆ, ಹಾಗಾಗಿ 1420 ಮೆಗಾಹರ್ಟ್ಸ್ ತರಂಗ ಒಳಗೆ ಎರಡನೇ ರೀತಿಯಲ್ಲೂ (ಮೋಡ್) ಎದ್ದು ಕೂರುತ್ತದೆ, ಹಾರ್ನಿನ ನೋಟ, ಅಂದರೆ ಬೀಮ್, ಎತ್ತ ನೋಡುತ್ತಿದೆ ಅಂತಲೇ ತಿಳಿಯುವುದಿಲ್ಲ. ಆಮೇಲೆ 5 ಲೀಟರ್ ಥಿನ್ನರ್ ಡಬ್ಬ ಹಾಕಿದೆ, ಅಗಲ ಸುಮಾರು 16. ಸಿಗ್ನಲ್ ಹಿಡಿಯುವ ತಾಮ್ರದ ಕಡ್ಡಿ, ಅಂದರೆ ಪ್ರೋಬ್, ಡಬ್ಬದ ಹಿಂದಿನ ಗೋಡೆಯಿಂದ 7 ಸೆಂಟಿಮೀಟರ್ ದೂರದಲ್ಲಿ ನಿಲ್ಲಬೇಕು. ಪ್ರೋಬ್ ಉದ್ದ ಪುಸ್ತಕದಲ್ಲಿರುವ ಕಾಲು ತರಂಗವೇ ಅಲ್ಲ, ಸ್ವಲ್ಪ ಕಡಿಮೆ. ಎಷ್ಟು ಕಡಿಮೆ ಅನ್ನುವುದನ್ನು ನಾನು ತುಂಬಾ ತಾಮ್ರ ಕತ್ತರಿಸಿ ಕಂಡುಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ದುಡ್ಡಿನ ವಿಷಯ. ಬೇಡದ ತರಂಗ ತಡೆಯುವ ಸಾ ಫಿಲ್ಟರ್ ಇರುವ ಎಲ್‌ಎನ್‌ಎ (ಕ್ಷೀಣ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್) ಐದಾರು ಸಾವಿರ, ಡಾಂಗಲ್ ನಾಲ್ಕು ಸಾವಿರದ ಮೇಲೆ, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಹಳೆಯದು ಇತ್ತು. ಎಲ್ಲ ಸೇರಿ ಹದಿನೈದರ ಒಳಗೆ ಮುಗಿಯಬೇಕಿತ್ತು. ಏಪ್ರಿಲ್‌ನಲ್ಲಿ ಗುಡುಗು ಮಳೆ ಬಂದ ಒಂದು ಸಂಜೆ ಎಲ್‌ಎನ್‌ಎ, ಡಾಂಗಲ್ ಎರಡೂ ಸುಟ್ಟವು. ಕೇಬಲ್ ಕಳಚಿ ಇಟ್ಟಿದ್ದರೂ ಹೋದವು. ಎರಡನೇ ಸೆಟ್ ತರಿಸುವಾಗ ಮನೆಯಲ್ಲಿ ಮಾತು ಬಂತು, ಸಹಜ, ಆ ದುಡ್ಡಿಗೆ ಗೊಬ್ಬರ ಬರುತ್ತಿತ್ತು. ಒಟ್ಟು ಮೂವತ್ತು ಸಾವಿರದ ಹತ್ತಿರ ಹೋಗಿರಬೇಕು. 1951ರಲ್ಲಿ ಹಾರ್ವರ್ಡ್‌ನಲ್ಲಿ ಯೂಯಿನ್ ಮತ್ತು ಪರ್ಸೆಲ್ ಇದೇ ಸಿಗ್ನಲ್ ಮೊದಲ ಸಲ ಹಿಡಿದಾಗ ಅವರಿಗೆ ಸಿಕ್ಕಿದ್ದ ನೆರವು 500 ಡಾಲರ್. ಪ್ಲೈವುಡ್ ಹಾರ್ನ್, ಒಳಗೆ ತಾಮ್ರದ ಹಾಳೆ. ಕಿಟಕಿಯಿಂದ ಹೊರಗೆ ಚಾಚಿದ ಆ ಹಾರ್ನ್ ಮಳೆ ನೀರನ್ನು ಲ್ಯಾಬ್ ಒಳಗೇ ಸುರಿಯುತ್ತಿತ್ತಂತೆ. ಹಾಗಾಗಿ ಮಳೆ ಜೊತೆ ಗುದ್ದಾಡಿದವನು ನಾನೊಬ್ಬನೇ ಅಲ್ಲ.

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಆನೆಗೆ ಹಾಕಿದ ಸೋಲಾರ್ ಬೇಲಿ. 1400ರಿಂದ 1427 ಮೆಗಾಹರ್ಟ್ಸ್‌ನಲ್ಲಿ ಯಾರೂ ಟ್ರಾನ್ಸ್‌ಮಿಟ್ ಮಾಡುವ ಹಾಗಿಲ್ಲ ಅಂತ ಜಗತ್ತಿಗೇ ನಿಯಮ ಇದೆ. ನಮ್ಮ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ಲೂ ಸರಿಯಾಗಿ ಬರುವುದಿಲ್ಲ, ಅದೇ ನನ್ನ ಬಂಡವಾಳ. ಅಷ್ಟಾದರೂ ಸೆಕೆಂಡಿಗೊಮ್ಮೆ ಸ್ಕ್ರೀನ್ ತುಂಬಾ ಒಂದು ಗೆರೆ ಎಡದಿಂದ ಬಲಕ್ಕೆ ಬೀಳುತ್ತಿತ್ತು. ಬೇಲಿ ಆಫ್ ಮಾಡೋಣ ಅಂದರೆ ರಾತ್ರಿ ಆನೆ ಬರುತ್ತದೆ, ಬಾಳೆ ಅಷ್ಟೂ ಹೋಗುತ್ತದೆ. ಟಾರ್ಚ್ ಆರಿಸಿ ಬೇಲಿ ಉದ್ದಕ್ಕೂ ನಡೆದಾಗ ಗೊತ್ತಾಯಿತು, ಪೊದೆ ತಾಗಿದ ಕಡೆಯಲ್ಲೆಲ್ಲ ತಂತಿಯಿಂದ ಸಣ್ಣ ನೀಲಿ ಕಿಡಿ ಹಾರುತ್ತಿದೆ. ಆ ಕಿಡಿಯೇ ರೇಡಿಯೋ. ಇಬ್ಬರನ್ನು ಕರೆದು ಪೊದೆ ಕಡಿಸಿದೆ, ಒಡೆದ ಇನ್ಸುಲೇಟರ್ ಬದಲಿಸಿದೆ, ಗೆರೆ ಹೋಯಿತು. ಉಳಿದ ಗದ್ದಲ ಮನೆಯ ಇನ್ವರ್ಟರ್‌ನದು. ಅದಕ್ಕೆ ಮಳೆಗಾಲವೇ ಪರಿಹಾರ ಕೊಟ್ಟಿತು. ದಿನಗಟ್ಟಲೆ ಕರೆಂಟ್ ಇಲ್ಲದೆ ಇನ್ವರ್ಟರ್ ಬ್ಯಾಟರಿಯೂ ಸತ್ತಾಗ, ನಾನು ಬೇರೆ 12 ವೋಲ್ಟ್ ಬ್ಯಾಟರಿಯಲ್ಲಿ ಓಡಿಸಿದ ಡೇಟಾವೇ ಎಲ್ಲಕ್ಕಿಂತ ಚೆನ್ನಾಗಿದೆ.

ಹಾರ್ನ್ ಬಾಯಿಗೆ ಕಾಫಿ ಒಣಗಿಸುವಾಗ ಮುಚ್ಚುವ ಪ್ಲಾಸ್ಟಿಕ್ ಶೀಟ್ ಕಟ್ಟಿದ್ದೇನೆ. ಮಳೆ ಹನಿ ತೊಂದರೆ ಕೊಡುವುದಿಲ್ಲ, ಶೀಟ್ ಮೇಲೆ ನಿಲ್ಲುವ ನೀರಿನ ಪದರ ಕೊಡುತ್ತದೆ, ನಾಯ್ಸ್ ಸರ್ರನೆ ಏರುತ್ತದೆ. ಶೀಟನ್ನು ಗುಡಿಸಲಿನ ಸೂರಿನ ಹಾಗೆ ಎರಡು ಕಡೆ ಇಳಿಜಾರು ಮಾಡಿ ಕಟ್ಟಿ, ಮೇಲೆ ಒಂದು ವಸ್ತು ಸವರುತ್ತೇನೆ. ಏನು ಅಂತ ಸದ್ಯಕ್ಕೆ ಹೇಳುವುದಿಲ್ಲ, ಪ್ರತಿ ಅಡುಗೆಮನೆಯಲ್ಲೂ ಇದೆ.

ಹಾರ್ನ್ ನಿಲ್ಲಿಸುವ ವಿಧಾನಕ್ಕೆ ಊಟಿ ನೆರವಾಯಿತು. ಅಲ್ಲಿ ಗೋವಿಂದ ಸ್ವರೂಪ್ ತಂಡ 1970ರಲ್ಲಿ ಮುಗಿಸಿದ 530 ಮೀಟರ್ ಉದ್ದದ ರೇಡಿಯೋ ಟೆಲಿಸ್ಕೋಪ್, ಆ ಊರಿನ ಅಕ್ಷಾಂಶದಷ್ಟೇ ಇಳಿಜಾರಿರುವ ಗುಡ್ಡದ ಮೇಲೆ ಮಲಗಿದೆ. ಒಂದೇ ಅಕ್ಷದಲ್ಲಿ ತಿರುಗಿಸಿದರೆ ಸಾಕು, ಆಕಾಶದ ಜೊತೆ ಹೋಗುತ್ತದೆ. ನಾನು ಎರಡಿಂಚು ಜಿಐ ಪೈಪನ್ನು ಉತ್ತರಕ್ಕೆ ಹನ್ನೆರಡೂವರೆ ಡಿಗ್ರಿ ಎತ್ತಿ ನಿಲ್ಲಿಸಿದೆ. ಕೈಯಲ್ಲೇ ತಿರುಗಿಸುತ್ತೇನೆ, ಮೋಟಾರ್ ಇಲ್ಲ.

ಈಗ ಒಂದು ಲೆಕ್ಕ. ರೇಖಾಂಶ 30 ಡಿಗ್ರಿ ತಗೊಳ್ಳಿ. ಸಿಗ್ನಲ್ಲಿನ ದಿಬ್ಬ 1420.4ಕ್ಕಿಂತ ಸುಮಾರು ಅರ್ಧ ಮೆಗಾಹರ್ಟ್ಸ್ ಕೆಳಗೆ ಹೋಗಿ ಮುಗಿಯುತ್ತದೆ. ಅನಿಲ ನಮ್ಮಿಂದ ದೂರ ಓಡಿದಷ್ಟೂ ಸಿಗ್ನಲ್ ಕೆಳಗಿಳಿಯುತ್ತದೆ, 4.74 ಕಿಲೋಹರ್ಟ್ಸ್‌ಗೆ ಸೆಕೆಂಡಿಗೆ ಒಂದು ಕಿಲೋಮೀಟರ್. ಭೂಮಿ, ಸೂರ್ಯರ ಸ್ವಂತ ಓಡಾಟ ಕಳೆದ ಮೇಲೆ ನನಗೆ 105 ಉಳಿಯಿತು. ಸೂರ್ಯ ಸುತ್ತುವ ವೇಗ 220 ಅಂತ ಹಿಡಿದರೆ ಆ ದಿಕ್ಕಿಗೆ ಸೂರ್ಯನ ಪಾಲು, ಸೈನ್ 30ಕ್ಕೆ, ಅದರ ಅರ್ಧ 110. ಕೂಡಿದರೆ 215. ದಿಬ್ಬದ ಕೊನೆಯ, ಅತಿ ವೇಗದ ಆ ಅನಿಲ ಇರುವುದು ಕೇಂದ್ರದಿಂದ ನಮ್ಮ ದೂರದ ಅರ್ಧದಲ್ಲಿ, ಸುಮಾರು 13 ಸಾವಿರ ಜ್ಯೋತಿರ್ವರ್ಷ. ತೂಕವೆಲ್ಲ ನಡುವಿನಲ್ಲೇ ಕೂತಿದ್ದರೆ ಅಲ್ಲಿ 310 ಬರಬೇಕಿತ್ತು. ಬಂದದ್ದು 215! ಬೀಮ್ ಇಪ್ಪತ್ತು ಡಿಗ್ರಿ ಅಗಲ ಇರುವುದರಿಂದ ಅಂಚು ಸ್ವಲ್ಪ ಕಲಸಿಹೋಗಿರುತ್ತದೆ, ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ ಆಗಬಹುದು. ನೂರು ಕಿಲೋಮೀಟರ್ ಆಚೀಚೆ ಆಗಲಾರದು.

ಇದರಿಂದಲೇ ಡಾರ್ಕ್ ಮ್ಯಾಟರ್ ಅನ್ನುವ ಕಾಣದ ವಸ್ತು ಸಿಕ್ಕಿತು ಅಂತ ನಾನು ಹೇಳುವುದಿಲ್ಲ. ತೂಕ ಹರಡಿಕೊಂಡಿದೆ ಅಂತಷ್ಟೇ ಈ ಭಾಗ ಹೇಳುತ್ತದೆ. ಥಿಯರಿಯವರ ಜಗಳ ಇರುವುದು ಸೂರ್ಯನಿಗಿಂತ ಆಚೆ. ಅಲ್ಲೂ ಕರ್ವ್ ಸಪಾಟಾಗಿದ್ದರೆ ಕಾಣದ ವಸ್ತು ಬೇಕು, ಇಲ್ಲವೇ 1983ರಲ್ಲಿ ಮಿಲ್ಗ್ರಾಮ್ ಹೇಳಿದ ಹಾಗೆ ಚಲನೆಯ ನಿಯಮವೇ ಬದಲಾಗಬೇಕು. 2023ರಲ್ಲಿ ನಕ್ಷತ್ರಗಳ ಚಲನೆ ಅಳೆದ ಗಾಯಾ ನೌಕೆಯ ಡೇಟಾ ಹಿಡಿದು ಒಂದು ತಂಡ, ದೂರ ಹೋದ ಹಾಗೆ ವೇಗ ಇಳಿಯುತ್ತದೆ, ಹಾಗಾಗಿ ಕ್ಷೀರಪಥದ ತೂಕ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ಅಂತ ಬರೆಯಿತು. ಇದನ್ನು ಒಪ್ಪದವರೂ ಇದ್ದಾರೆ. ನನಗಂತೂ ಈ ಜಗಳ ತುಂಬಾ ಇಷ್ಟ, ಯಾಕೆಂದರೆ ಅದರ ಒಂದು ತುದಿ ಈಗ ನನ್ನ ತೋಟದಲ್ಲೇ ಇದೆ.

ಇದೇ 21 ಸೆಂಟಿಮೀಟರ್ ಹಿಡಿದು ನಮ್ಮ ರಾಜ್ಯದಲ್ಲೇ ಎಂಥ ಕೆಲಸ ಆಗಿದೆ ನೋಡಿ. ಮೊದಲ ನಕ್ಷತ್ರಗಳ ಕಾಲದ ಸಿಗ್ನಲ್ ವಿಶ್ವದ ಜೊತೆ ಹಿಗ್ಗಿ 78 ಮೆಗಾಹರ್ಟ್ಸ್ ಹತ್ತಿರ ಕಂಡಿತು ಅಂತ 2018ರಲ್ಲಿ ಎಡ್ಜಸ್ ಅನ್ನುವ ವಿದೇಶಿ ತಂಡ ಹೇಳಿತ್ತು. ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್-3 ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟು ನೋಡಿದರು. ಕೆಳಗೆ ಮಣ್ಣಿನ ಪದರಗಳ ಬದಲು ಒಂದೇ ಸಮನೆ ನೀರು ಇರಲಿ ಅಂತ. 2022ರಲ್ಲಿ ಆ ಸಿಗ್ನಲ್ ಇಲ್ಲ ಅಂತ 95.3 ಶೇಕಡಾ ಖಾತ್ರಿಯಿಂದ ಹೇಳಿದರು. ನಮ್ಮ ಕೆರೆ ಮೇಲೆ ಕೂತು ಜಗತ್ತಿನ ದೊಡ್ಡ ಸುದ್ದಿಯನ್ನು ತಿದ್ದಿದ್ದು ಸಣ್ಣ ಮಾತಲ್ಲ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಫೆಬ್ರವರಿಯಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಮುಂಚೆ ಹಾರ್ನನ್ನು ಗಿಡಗಳ ನಡುವಿನ ಖಾಲಿ ನೆಲಕ್ಕೆ ತಿರುಗಿಸಿ ಅಳತೆ ತಗೊಂಡೆ, ನೀರು ಹಾಕಿದ ಮೇಲೆ ಮತ್ತೆ ತಗೊಂಡೆ. ಒದ್ದೆ ನೆಲ ಕಡಿಮೆ ಸೂಸುತ್ತದೆ, ಇಳಿತ ಗ್ರಾಫಿನಲ್ಲಿ ಕಣ್ಣಿಗೇ ಕಾಣುತ್ತದೆ. ಸ್ಮಾಸ್, ಸ್ಮ್ಯಾಪ್ ಉಪಗ್ರಹಗಳು ಮೇಲಿನಿಂದ ಇದೇ ತರಂಗದಲ್ಲಿ ಮಣ್ಣಿನ ತೇವ ನೋಡುತ್ತವೆ. ನೀರು ಎಷ್ಟು ಇಳಿದಿದೆ ಅಂತ ತಿಳಿದರೆ ಪಂಪಿನ ಡೀಸೆಲ್ ಎಷ್ಟು ಉಳಿಯಬಹುದು ಅಂತ ಲೆಕ್ಕ ಹಾಕುತ್ತಿದ್ದೇನೆ. ಸಿಲ್ವರ್ ಓಕ್ ಎಲೆ ಅಡ್ಡ ಬಂದರೆ ಮಾತ್ರ ಕೆಟ್ಟುಹೋಗುತ್ತದೆ, ಒದ್ದೆ ಎಲೆ ತಾನೇ ಸೂಸುತ್ತದೆ.

ಜನವರಿಯಲ್ಲಿ ಸಂಜೆಯಾದ ಮೇಲೆ ಸೂರ್ಯನಿಗಿಂತ ಆಚೆಯ ಭಾಗ ತಲೆ ಮೇಲೆ ಬರುತ್ತದೆ. ಅಲ್ಲಿ ಈ ಸುಲಭದ ಲೆಕ್ಕ ನಡೆಯುವುದಿಲ್ಲ, ದೂರ ಬೇರೆ ದಾರಿಯಲ್ಲಿ ಸಿಗಬೇಕು. ಬೀಮನ್ನೂ ಕಿರಿದು ಮಾಡಬೇಕು, ಒಂದೂವರೆ ಮೀಟರ್ ಬಾಯಿಯ ಹಾರ್ನ್‌ಗೆ ತಗಡಿನವರು ಎಂಟು ಸಾವಿರ ಹೇಳಿದ್ದಾರೆ. ಕಾಫಿ ಮಾರಿದ ಮೇಲೆ ಮಾಡಿಸುತ್ತೇನೆ. ಈ ಸಲದ ಡೇಟಾ, ಪೈಥಾನ್ ಫೈಲ್ ಯಾರಿಗೆ ಬೇಕೋ ಕೇಳಿ, ಕೊಡುತ್ತೇನೆ.